11 ಮಳೆಗಾಲ ನಿಂತ ಪದ್ಮಿನಿಗೆ ಬ್ರೇಕ್ ಹಿಡಿಸಿದ ಕಥೆ

"ಗುಜರಿಗೆ ಹಾಕಿ ಮಾರಾಯ್ರೇ. ಇದರ ಬ್ರೇಕಿಗೆ ಸುರಿಯೋ ದುಡ್ಡಲ್ಲಿ ಒಂದು ಹಳೇ ಆಲ್ಟೊ ಬರ್ತದೆ." ಡೊಂಬಿವ್ಲಿಯ ನಮ್ಮ ಗ್ಯಾರೇಜ್ ಮೇಸ್ತ್ರಿ ಹೀಗಂದು ಚಹಾ ಕುಡಿಯಲು ಹೋದರು. ಅಪ್ಪನ ಪ್ರೀಮಿಯರ್ ಪದ್ಮಿನಿ ಕಾರು ಸೊಸೈಟಿ ಕಾಂಪೌಂಡಿನಲ್ಲಿ 11 ಮಳೆಗಾಲ ನೆನೆದಿತ್ತು. ಇಂಜಿನ್ ಎರಡೇ ದಿನಕ್ಕೆ ಎದ್ದಿತು. ಬ್ರೇಕ್ ಮಾತ್ರ ಏಳು ತಿಂಗಳು ತಿಂದಿತು.

ಪೆಡಲ್ ಒತ್ತಿದರೆ ಸೀದಾ ನೆಲಕ್ಕೆ. ಚಕ್ರದ ಡ್ರಮ್ ಬಿಚ್ಚಿ ನೋಡಿದರೆ, ಬ್ರೇಕ್ ಶೂಗಳನ್ನು ತಳ್ಳುವ ಪುಟ್ಟ ಸಿಲಿಂಡರ್ ಒಳಗಿನ ಆಯಿಲ್ ಕಷಾಯದ ಬಣ್ಣಕ್ಕೆ ತಿರುಗಿತ್ತು, ತಳದಲ್ಲಿ ಕೆಂಪು ಗಸಿ. ಪಿಸ್ಟನ್‌ಗಳು ಅಲ್ಲಾಡಲೇ ಇಲ್ಲ. ಪಂಕ್ಚರ್ ಅಂಗಡಿಯ ಗಾಳಿ ಹೊಡೆಸಿದೆ. ಒಂದು ಪಿಸ್ಟನ್ ಗುಂಡಿನಂತೆ ಹಾರಿ ಪ್ಲಾಸ್ಟಿಕ್ ಬಕೆಟ್ ತೂತು ಮಾಡಿತು. ಅದು ನನ್ನ ಹಣೆಗೂ ಬಡಿಯಬಹುದಿತ್ತು. ಆಮೇಲೆ ಆಯಿಲ್ ಬರುವ ತೂತಿಗೆ ಗ್ರೀಸ್ ಗನ್ ಕೂರಿಸಿದೆ. ನಾಲ್ಕೈದು ಸಲ ಒತ್ತಿದ್ದಕ್ಕೆ ಪಿಸ್ಟನ್ ಮೆಲ್ಲಗೆ ಹೊರಗೆ ಬಂತು. ಗ್ರೀಸಿನ ಒಂದು ಹನಿ ಉಳಿದರೂ ಹೊಸ ರಬ್ಬರ್ ಊದಿಕೊಳ್ಳುತ್ತದೆ. ಹಾಗಾಗಿ ಸ್ಪಿರಿಟ್‌ನಲ್ಲಿ ಮೂರು ಸಲ ತೊಳೆದೆ.

ತುಕ್ಕು ಬಿಡಿಸಲು ಹುಣಸೆ ನೀರಲ್ಲಿ ಎರಡು ರಾತ್ರಿ ನೆನೆಸಿದ್ದೂ ಉಂಟು. ಮನೆಯ ಹಿತ್ತಾಳೆ ಪಾತ್ರೆಗೆ ಆಗುತ್ತದಲ್ಲ, ಇದಕ್ಕೇಕೆ ಆಗಬಾರದು ಅಂತ. ಮೇಲಿನ ತುಕ್ಕೇನೋ ಹೋಯಿತು, ಒಳಗಿನ ಗುಂಡಿಗಳು ಹಾಗೇ ಇದ್ದವು. ಹೆಂಡತಿ ಆ ಪಾತ್ರೆಯನ್ನು ಮತ್ತೆ ಅಡಿಗೆಮನೆಗೆ ಸೇರಿಸಲಿಲ್ಲ.

ಆಗ ಮಾಡಿದ್ದೇ ದೊಡ್ಡ ತಪ್ಪು. ಪಾಲಿಶ್ ಪೇಪರ್‌ನಿಂದ ಉಜ್ಜಿ ಹೊಸ ರಬ್ಬರ್ ಕಿಟ್ ಹಾಕಿಬಿಟ್ಟೆ. ಉಜ್ಜಿದರೆ ಬೋರ್, ಅಂದರೆ ಸಿಲಿಂಡರಿನ ಒಳತೂತು, ದೊಡ್ಡದಾಗುತ್ತದೆಯೇ ಹೊರತು ಗುಂಡಿ ಹೋಗುವುದಿಲ್ಲ. ಎಂಟೇ ದಿನಕ್ಕೆ ಟೈರಿನ ಒಳಬದಿ ಒದ್ದೆ. ಶೂಗಳಿಗೆ ಹೊಸದಾಗಿ ಹೊಡೆಸಿದ ಲೈನರ್ ಪಟ್ಟಿ ಆಯಿಲ್ ಕುಡಿದು ಹಾಳು. ಕಿಟ್, ಲೈನರ್ ಸೇರಿ ಎರಡೂವರೆ ಸಾವಿರದ ಹತ್ತಿರ ನೀರುಪಾಲು.

ಹೊಸ ಸಿಲಿಂಡರ್ ತರೋಣ ಅಂತ ಮುಂಬೈಯ ಕುರ್ಲಾಕ್ಕೆ ಹೋದೆ. ಈ ಗಾಡಿ ಹುಟ್ಟಿದ್ದೇ ಕುರ್ಲಾದ ಫ್ಯಾಕ್ಟರಿಯಲ್ಲಿ. 2023ರ ಅಕ್ಟೋಬರಿನಲ್ಲಿ ಮುಂಬೈ ರಸ್ತೆಯಿಂದ ಪದ್ಮಿನಿ ಟ್ಯಾಕ್ಸಿಗಳೂ ಹೋದ ಮೇಲೆ ಅಲ್ಲೇ ಪಾರ್ಟ್ ಕೇಳಿದರೆ ನಗುತ್ತಾರೆ. ಮೂರನೇ ಅಂಗಡಿಯಲ್ಲಿ ಡುಪ್ಲಿಕೇಟ್ ಸಿಕ್ಕಿತು. ಜೋಡಿಗೆ ಸುಮಾರು 1,800. ಒಂದರ ನಿಪಲ್, ಅಂದರೆ ಆಯಿಲಿನಲ್ಲಿ ಸೇರಿದ ಗಾಳಿ ಬಿಡುವ ತಿರುಪು, ಏರ್ ತೆಗೆಯುವಾಗಲೇ ಥ್ರೆಡ್ ಸಮೇತ ಕಿತ್ತು ಬಂತು. ಇನ್ನೊಂದು ಸಿಲಿಂಡರ್ ತಿಂಗಳೊಳಗೆ ಆಯಿಲ್ ಬೆವರತೊಡಗಿತು. ಹಳೇ ಕಬ್ಬಿಣದ ಗಟ್ಟಿತನ ಇದಕ್ಕೆಲ್ಲಿ?

ಮೂಲೆಗೆಸೆದಿದ್ದ ಹಳೇ ಸಿಲಿಂಡರ್‌ಗಳನ್ನೇ ಚೀಲಕ್ಕೆ ತುಂಬಿ ಒಬ್ಬ ವಯಸ್ಸಾದ ಲೇತ್ ಕೆಲಸಗಾರರ ಹತ್ತಿರ ಹೋದೆ. ಬೋರ್ ದೊಡ್ಡದು ಮಾಡಿ, ಒಳಗೆ ಹಿತ್ತಾಳೆ ಸ್ಲೀವ್ (ತೆಳು ಕೊಳವೆ) ಕೂರಿಸಿ, ಹಳೇ ಅಳತೆಗೇ ತರಬೇಕು. "ಹೋಗೋದು ಮನುಷ್ಯನ ಜೀವ, ಅವಸರ ಮಾಡ್ಬೇಡಿ" ಅಂದರು. ಹನ್ನೆರಡು ದಿನ ತಗೊಂಡರು. ಒಂದೊಂದಕ್ಕೆ 650 ಇರಬೇಕು. ಆಯಿಲ್ ಬರುವ ತೂತನ್ನು ಸ್ಲೀವ್ ಮುಚ್ಚಿಬಿಡುತ್ತದೆ, ಅದನ್ನು ಮತ್ತೆ ಕೊರೆದು ಅಂಚು ನುಣ್ಣಗೆ ಮಾಡಬೇಕು. ಅಂಚು ಚೂಪಾಗಿದ್ದರೆ ಮೊದಲ ಸಲ ಜೋಡಿಸುವಾಗಲೇ ರಬ್ಬರ್ ಕುಯ್ಯುತ್ತದೆ. ಸ್ಲೀವ್ ಹಿಂದೆ ಏನು ಹಚ್ಚಿದರು, ಎಷ್ಟು ಬಿಗಿ ಇಟ್ಟರು ಅನ್ನೋದು ಮಾತ್ರ ಅವರ ಮತ್ತು ನನ್ನ ನಡುವೆಯೇ ಇರಲಿ.

ಇಷ್ಟಾದರೂ ಮುಂದಿನ ಎಡಚಕ್ರ ಬಿಸಿಯಾಗುತ್ತಿತ್ತು. ಶೂ ಸ್ಪ್ರಿಂಗ್ ಬದಲಿಸಿ ಅಂತ ಎಲ್ಲರೂ ಅಂದರು. ಬದಲಿಸಿದೆ, ಊಹುಂ. ಕೊನೆಗೆ ಚಕ್ರಕ್ಕೆ ಆಯಿಲ್ ಒಯ್ಯುವ ರಬ್ಬರ್ ಹೋಸ್ ಕುಯ್ದು ನೋಡಿದೆ. ಹೊರಗೆ ಒಂದು ಬಿರುಕೂ ಇಲ್ಲ, ಒಳಗೆ ಊದಿ ಸೂಜಿ ತೂರುವಷ್ಟೇ ದಾರಿ. ಕಾಲಿನ ಒತ್ತಡಕ್ಕೆ ಆಯಿಲ್ ಹೋಗುತ್ತದೆ, ಕಾಲು ತೆಗೆದರೆ ವಾಪಸ್ ಬರುವುದಿಲ್ಲ. ವರ್ಷಗಟ್ಟಲೆ ನಿಂತ ಗಾಡಿಯ ಹೋಸ್ ನೋಡಲು ಚೆನ್ನಾಗಿದೆ ಅಂತ ಬಿಡಬೇಡಿ, ಸುಮ್ನೆ ಎಲ್ಲವನ್ನೂ ಬಿಸಾಡಿ.

ಒಂದು ತಿಂಗಳು ಸೊಸೈಟಿ ಸುತ್ತಮುತ್ತಲೇ ಓಡಿಸಿದೆ. ಆಮೇಲೆ ಲೋನಾವಳಕ್ಕೆ ಹೋಗಿ ಖಂಡಾಳಾ ಘಾಟಿಯಲ್ಲಿ ಸೆಕೆಂಡ್ ಗೇರಿನಲ್ಲಿ ಇಳಿದೆ. ಖೋಪೋಲಿಯಲ್ಲಿ ನಿಲ್ಲಿಸಿ ಡ್ರಮ್ ಹತ್ತಿರ ಕೈ ಹಿಡಿದೆ. ನಾಲ್ಕೂ ಒಂದೇ ಸಮ ಬಿಸಿ. ಪೆಡಲ್ ಒಂದಿಂಚೂ ಕೆಳಗಿಳಿದಿರಲಿಲ್ಲ. ಈಗ ಎರಡು ಮಳೆಗಾಲ ಕಳೆದಿದೆ, ಡಬ್ಬಿಯಲ್ಲಿ ಆಯಿಲ್ ಮಟ್ಟ ಹಾಗೇ ಇದೆ.

ಹೋದ ವಾರ ಅದೇ ಮೇಸ್ತ್ರಿ ಬಂದಿದ್ದರು. ಪೇಪರಿನಲ್ಲಿ ಸುತ್ತಿದ ಎರಡು ಹಳೇ ಜೀಪ್ ಸಿಲಿಂಡರ್ ಬಾನೆಟ್ ಮೇಲಿಟ್ಟು, "ಆ ಲೇತ್ ಎಲ್ಲಿ ಅಂದಿದ್ರಿ?" ಅಂತ ಕೇಳಿದರು. ಸಿಲಿಂಡರ್ ತಗೊಂಡೆ. ಅಡ್ರೆಸ್ ಹೇಳಲಿಲ್ಲ.