ಕ್ಯಾಲೆಂಡರ್ ಹಾಳೆಯ ಹಿಂದಿನ ಲೆಕ್ಕ

ತುಮಕೂರಿನ ಸಪ್ತಗಿರಿ ಬಡಾವಣೆಯ ಬಾಡಿಗೆ ಮನೆಯಲ್ಲಿ ನಾಲ್ಕು ವರ್ಷ ಇದ್ದು, 2023ರ ಮಾರ್ಚ್‌ನಲ್ಲಿ ಬಿಟ್ಟೆವು. ಬಿಟ್ಟೆವು ಅಂತ ಬಾಯಿಮಾತಿಗೆ ಹೇಳುವುದು, ನಿಜಕ್ಕೂ ಬಿಡಿಸಿದರು. "ಮಗ ಬೆಂಗಳೂರಿಂದ ವಾಪಸ್ ಬರ್ತಾನೆ ಕಣಮ್ಮ, ಎರಡು ತಿಂಗಳಲ್ಲಿ ಖಾಲಿ ಮಾಡ್ಕೊಡಿ" ಎಂದರು ಓನರ್. ಬಾಡಿಗೆ 9,000, ಅಡ್ವಾನ್ಸ್ 80,000. ಸಾಮಾನು ಲಾರಿಗೆ ಏರಿಸಿದ ಸಂಜೆ ಅವರು 30,000 ಫೋನ್‌ಪೇ ಮಾಡಿ, ಉಳಿದದ್ದು ವಾರದಲ್ಲಿ ಎಂದರು. ನಾನು ಬೀಗದ ಕೈ ಕೊಟ್ಟುಬಿಟ್ಟೆ. ಮಾಡಿದ ದೊಡ್ಡ ತಪ್ಪು ಅದೇ.

ವಾರ ಕಳೆದು ಹೋದಾಗ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದ ಲೆಕ್ಕ ಕೈಗಿತ್ತರು: ಪೇಂಟಿಂಗ್ 22,000, ಬಚ್ಚಲಿನ ಟೈಲ್ಸ್ 14,000, ಬಾಗಿಲು ರಿಪೇರಿ 6,000, ನೀರು-ಕರೆಂಟು 8,000. ಕೂಡಿದರೆ ಸರಿಯಾಗಿ 50,000! ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆಯಿಲ್ಲ. ನನ್ನನ್ನು ಹಾಲ್‌ಗೆ ಕರೆದು ಗೋಡೆಯ ಮೊಳೆ ತೂತುಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಎಣಿಸಿದರು. ಏಳು ಇದ್ದವು. ಅದರಲ್ಲಿ ಮೂರು ನಾವು ಬರುವ ಮುಂಚಿನವು, ಆದರೆ ಬಂದ ದಿನ ಫೋಟೋ ಯಾರು ತೆಗೆದಿದ್ದರು?

ನಮ್ಮನೆಯವರು ಹೋಗಿ ಕೂಗಾಡಿ ಬಂದರು, ಪೈಸೆ ಹುಟ್ಟಲಿಲ್ಲ. ಠಾಣೆಯಲ್ಲಿ ಇದು ಸಿವಿಲ್ ವಿಚಾರ ಎಂದು ಕಳಿಸಿದರು. ಮೂರು ವಾರಕ್ಕೆ ಆ ಮನೆಯ ಗೇಟಿಗೆ 'ಮನೆ ಬಾಡಿಗೆಗೆ ಇದೆ' ಎಂಬ ಬೋರ್ಡು ಬಿತ್ತು. ಮಗ ಬರಲೇ ಇಲ್ಲ. ಬೋರ್ಡಿನ ಫೋಟೋ ತೆಗೆದಿಟ್ಟುಕೊಂಡೆ.

ಆಮೇಲೆ ಒಂದು ರಾತ್ರಿ ಅಗ್ರಿಮೆಂಟು ತೆಗೆದು ಸಾಲು ಸಾಲು ಓದಿದೆ. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯಬಹುದು ಎಂದಿತ್ತು, ಸಹಿಯೂ ನಮ್ಮದೇ. ವಾಶ್ ಬೇಸಿನ್ ಒಡೆದದ್ದು ನನ್ನ ಮಗ, ಅದು ಓನರ್ ಕಣ್ಣಿಗೇ ಬಿದ್ದಿರಲಿಲ್ಲ. ಎರಡನ್ನೂ ನಾನೇ ಬರೆದೆ: ಪೇಂಟಿಂಗ್ 9,000, ಬೇಸಿನ್ 2,300, ಕೊನೆಯ ಬೆಸ್ಕಾಂ ಬಿಲ್ಲು 640. ಉಳಿದದ್ದನ್ನು ಒಪ್ಪಲಿಲ್ಲ. ಟೈಲ್ಸ್ ಮೇಲಿದ್ದದ್ದು ಬೋರ್‌ವೆಲ್ ನೀರಿನ ಬಿಳಿ ಉಪ್ಪಿನ ಕಲೆ, ಆ ಸಾಲಿನ ಯಾವ ಬಚ್ಚಲಿಗೆ ಹೋದರೂ ಅದೇ. ದಿನಬಳಕೆಯ ಸಹಜ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ ಎಂಬುದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನಲ್ಲೇ ಇದೆ. ಬರಬೇಕಾದ್ದು 38,060, ಹದಿನೈದು ದಿನದೊಳಗೆ ಕೊಡಿ ಎಂದು ಬರೆದು, ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಿ ರಿಜಿಸ್ಟರ್ಡ್ ಪೋಸ್ಟ್ ಮಾಡಿದೆ. ಅಡ್ವಾನ್ಸನ್ನು ಚೆಕ್ಕಿನಲ್ಲಿ ಕೊಟ್ಟಿದ್ದು ಪುಣ್ಯ, ನಗದು ಕೊಟ್ಟಿದ್ದರೆ ಇಷ್ಟು ಸುಲಭವಿರುತ್ತಿರಲಿಲ್ಲ.

ಪತ್ರ ತೆಗೆದುಕೊಂಡ ಸಹಿ ವಾಪಸ್ ಬಂತು, ದುಡ್ಡು ಬರಲಿಲ್ಲ. ಆಗ ಕೋರ್ಟ್ ಆವರಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ನೆರವು ಉಚಿತ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಅಲ್ಲಿನ ವಕೀಲೆ ಪತ್ರ ಓದಿ, "ನಿಮ್ಮ ತಪ್ಪನ್ನ ನೀವೇ ಬರ್ದಿದ್ದೀರಲ್ಲ, ಒಳ್ಳೇದಾಯ್ತು" ಎಂದರು. ಕೇಸು ಹಾಕುವ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿಗೆ ಕರೆಯಬಹುದು, ರಾಜಿಯಾದರೆ ಅದು ಸಿವಿಲ್ ಕೋರ್ಟ್ ಡಿಕ್ರಿಗೆ, ಅಂದರೆ ತೀರ್ಪಿನ ಆದೇಶಕ್ಕೆ ಸಮ, ಆಗದಿದ್ದರೂ ದಾವೆಗೆ ಮೂರು ವರ್ಷ ಕಾಲಾವಕಾಶವಿದೆ ಎಂದು ತಿಳಿಸಿದರು.

ನೋಟಿಸ್ ಹೋಯಿತು. ಓನರ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಅದೇ ಕ್ಯಾಲೆಂಡರ್ ಹಾಳೆ ಹಿಡಿದು ಬಂದರು. ಟೈಲ್ಸ್ ಬಿಲ್ ಎಲ್ಲಿ ಎಂದಾಗ ಜೇಬು ತಡಕಾಡಿದರು. ಬೋರ್ಡಿನ ಫೋಟೋ ತೋರಿಸಿದೆ. ಅದನ್ನು ನೋಡಿ, "ಅಡ್ವಾನ್ಸ್ ಕೊಡಲ್ಲ ಅಂತ ನಾನೆಲ್ಲಿ ಅಂದೆ ತಾಯಿ" ಎಂದರು. 38,000ಕ್ಕೆ ಒಪ್ಪಂದವಾಯಿತು, ಎರಡು ಕಂತು. ಅರವತ್ತು ರೂಪಾಯಿ ನಾನು ಬಿಟ್ಟೆ.

ಈಗಿರುವುದು ಕ್ಯಾತ್ಸಂದ್ರದಲ್ಲಿ. ಬಂದ ದಿನವೇ ಸಾಮಾನು ಇಳಿಸುವ ಮುಂಚೆ ಮೂಲೆ ಮೂಲೆಯ ವಿಡಿಯೋ ಮಾಡಿ, ಓನರ್ ಅಮ್ಮನಿಗೆ ವಾಟ್ಸಾಪ್‌ನಲ್ಲಿ ಕಳಿಸಿದೆ. ಅವರು ನೋಡಿ ಫೋನ್ ಮಾಡಿ, "ಬಚ್ಚಲ ನಲ್ಲಿ ಸೋರ್ತಿರೋದು ನಂಗೇ ಗೊತ್ತಿರ್ಲಿಲ್ಲ, ನಾಳೆ ಪ್ಲಂಬರ್ ಕಳಿಸ್ತೀನಿ" ಎಂದರು.