ಪುಣೆಯಲ್ಲಿ ದಿವ್ಯಾಂಗ ‘ದಾಖಲಾ’ ಮಾಡಿಸುವ ಮುನ್ನ ಒಂದು ಭಾಗಾಕಾರ

ದಿವ್ಯಾಂಗರ ಪ್ರಮಾಣಪತ್ರಕ್ಕೆ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ, ಆಧಾರ್, ಫೋಟೋ ಇತ್ಯಾದಿ ನಿಮಗೆ ಗೊತ್ತೇ ಇದೆ, ಬಿಡುತ್ತೇನೆ. ಸರ್ಕಾರಿ ಆಸ್ಪತ್ರೆಯ ಕಿಟಕಿಯಲ್ಲಿ ‘ದಾಖಲಾ ಆಹೇ ಕಾ?’ (ದಾಖಲಾ ಇದೆಯೇ?) ಎಂದರೆ ಕಾಗದದ ಕಟ್ಟು ಬಿಚ್ಚಬೇಡಿ. ನಮ್ಮ ಕನ್ನಡದಲ್ಲಿ ದಾಖಲೆ ಎಂದರೆ ಯಾವ ಕಾಗದವಾದರೂ ಆದೀತು, ಮರಾಠಿಯ ದಾಖಲಾ ಎಂದರೆ ಪ್ರಮಾಣಪತ್ರ. ನಾನು ರೇಷನ್ ಕಾರ್ಡು, ಬಾಡಿಗೆ ಕರಾರು ಎಂದು ಒಂದೊಂದೇ ಒಳಗೆ ತಳ್ಳಿದೆ. ಕಿಟಕಿಯಾಚೆಯ ಮಹಿಳೆ ಒಂದೊಂದೇ ಹೊರಗೆ ತಳ್ಳಿದರು.

ನನ್ನ ದುಡ್ಡು ಹೋದದ್ದು ಬೇರೆ ಕಡೆ. ಚಿಕ್ಕಂದಿನಲ್ಲಿ ಮಂಗನಬಾವು ಬಂದು ಬಲಗಿವಿ ಪೂರ್ತಿ ಹೋಯಿತು. ಎರಡರಲ್ಲಿ ಒಂದು ಇಲ್ಲ, ಅಂದರೆ ಶೇ. 50 ಅಂಗವೈಕಲ್ಯ ಎಂಬುದು ನನ್ನ ಲೆಕ್ಕ. ಆ ಭರವಸೆಯ ಮೇಲೆ ಖಾಸಗಿ ಕ್ಲಿನಿಕ್‌ನಲ್ಲಿ ಶ್ರವಣ ಪರೀಕ್ಷೆಗಳನ್ನೆಲ್ಲ ಮಾಡಿಸಿ, ವೈದ್ಯರ ಪತ್ರವನ್ನೂ ಬರೆಸಿಕೊಂಡೆ. ಆರು ಸಾವಿರ ರೂಪಾಯಿ, ಎರಡು ದಿನದ ರಜೆ. ಅಂಗವೈಕಲ್ಯದ ಪ್ರತಿಶತ ನಿರ್ಧರಿಸುವ ಆಸ್ಪತ್ರೆ ಮಂಡಳಿಯ ವೈದ್ಯರು ಆ ಪತ್ರವನ್ನು ಓದಲೂ ಇಲ್ಲ. ಪೆನ್ಸಿಲ್ ತೆಗೆದು ಲೆಕ್ಕ ಹಾಕಿದರು. ಚೆನ್ನಾಗಿರುವ ಕಿವಿಯ ನಷ್ಟವನ್ನು ಐದರಿಂದ ಗುಣಿಸಿ, ಕೆಟ್ಟ ಕಿವಿಯ ನಷ್ಟ ಕೂಡಿಸಿ, ಆರರಿಂದ ಭಾಗಿಸಬೇಕು. ನನ್ನದು ಸೊನ್ನೆಗೆ ನೂರು ಕೂಡಿಸಿ ಭಾಗಿಸು ಆರು: 17ಕ್ಕೆ ಚೂರು ಕಡಿಮೆ. ನೌಕರಿಯ ಮೀಸಲಾತಿಗೂ ಆದಾಯ ತೆರಿಗೆಯಲ್ಲಿ ದಿವ್ಯಾಂಗರಿಗಿರುವ ವಿನಾಯಿತಿಗೂ ಬೇಕಾದದ್ದು ಕನಿಷ್ಠ ಶೇ. 40. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ 30. ಮನೆಯಲ್ಲೇ ಈ ಲೆಕ್ಕ ಹಾಕಿ, ಆಮೇಲೆ ರಜೆ ಹಾಕಿ.

ಹಾಗಾದರೆ ನಾನು ದಿವ್ಯಾಂಗನೋ ಅಲ್ಲವೋ? 2016ರ ದಿವ್ಯಾಂಗರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಅಂಗವೈಕಲ್ಯದ 21 ಬಗೆಗಳಿವೆ. ಶ್ರವಣದೋಷಕ್ಕೆ ಎರಡೂ ಕಿವಿ ಕೆಟ್ಟಿರಬೇಕು. ಅದೇ ಕಾಯ್ದೆಯ ವ್ಯಾಖ್ಯೆ ಮಾತ್ರ, ದೀರ್ಘಕಾಲದ ಊನ ಸುತ್ತಲಿನ ಅಡೆತಡೆಗಳ ಜೊತೆ ಸೇರಿ ನಿಮ್ಮನ್ನು ಹಿಂದಿಟ್ಟರೆ ಸಾಕು ಎನ್ನುತ್ತದೆ. ಪರೀಕ್ಷೆಯಲ್ಲಿ ಬರೆದುಕೊಡುವವರನ್ನು ಕೇಳಲು 40ರ ಗೆರೆ ದಾಟಿರಬೇಕಿಲ್ಲ ಎಂದು 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2011ರ ಜನಗಣತಿಯಲ್ಲಂತೂ ಮನೆಯವರು ಹೇಳಿದ್ದೇ ಉತ್ತರ. ಗಣತಿದಾರರು ಬಾಗಿಲಿಗೆ ಬಂದಾಗ ನಮ್ಮ ಅಮ್ಮ ‘ನನ್ನ ಮಗನಿಗೆ ಏನಾಗಿದೆ? ಏನೂ ಇಲ್ಲ’ ಎಂದು ಗದರಿಸಿ ಕಳಿಸಿದಳು. ಆ ಸಲ ಎಣಿಸಿದ 2.68 ಕೋಟಿ ದಿವ್ಯಾಂಗರಲ್ಲಿ ನಾನಿಲ್ಲ.

ಹೋದ ತಿಂಗಳು ವಿಜಯಪುರದ ಹುಡುಗನೊಬ್ಬ, ಒಂದೇ ಕಣ್ಣು, ಇಲ್ಲಿನ ಹಿಂಜವಡಿಯ ಕಂಪನಿಯ, ‘ನೀವು ದಿವ್ಯಾಂಗರೇ?’ ಎಂದು ಕೇಳುವ ಫಾರ್ಮ್ ಹಿಡಿದು ಬಂದ. ‘ಅಣ್ಣಾ, ಹೌದು ಎನ್ನಲೋ, ಇಲ್ಲ ಎನ್ನಲೋ?’ ಎಂಟು ವರ್ಷ ‘ಇಲ್ಲ’ ಎಂದೇ ಗುರುತು ಹಾಕಿದವನು ನಾನು. ಬಲಗಡೆ ಕೂತವರ ಮಾತಿಗೆ ಉತ್ತರಿಸದೆ ಸೊಕ್ಕಿನವನೆಂಬ ಹೆಸರೂ ಬಂತು. ಕೊನೆಗೆ, ಸಭೆಯಲ್ಲಿ ಮೇಜಿನ ಬಲತುದಿಯ ಕುರ್ಚಿ ಬೇಕೆಂದು ನಾಲ್ಕು ಸಾಲು ಬರೆದುಕೊಟ್ಟೆ. ಮರುದಿನವೇ ಸಿಕ್ಕಿತು, ಯಾರೂ ಪ್ರತಿಶತ ಕೇಳಲಿಲ್ಲ. ಹುಡುಗನಿಗೂ ಅದನ್ನೇ ಹೇಳಿದೆ: ದಾಖಲಾ ಕೇಳುವ ಕಾಲಂನಲ್ಲಿ 30 ಎಂದೇ ಬರೆ, ಏರಿಸಬೇಡ, ಬೇಕಾದ ಅನುಕೂಲವನ್ನು ಬೇರೆ ಪತ್ರದಲ್ಲಿ ಕೇಳು.

ಮಹಾರಾಷ್ಟ್ರದಲ್ಲಿ 2022ರಿಂದ ದಿವ್ಯಾಂಗರಿಗೇ ಪ್ರತ್ಯೇಕ ಇಲಾಖೆ ಇದೆ, ಆಯುಕ್ತರ ಕಚೇರಿ ಪುಣೆಯಲ್ಲೇ ಇದೆ. ಆದರೂ ನನ್ನ ಮತ ನಮ್ಮ ಕರ್ನಾಟಕದ ಊರಿನ ವ್ಯವಸ್ಥೆಗೇ: ಅಲ್ಲಿ ಗ್ರಾಮ ಪಂಚಾಯಿತಿಗೊಬ್ಬ ಪುನರ್ವಸತಿ ಕಾರ್ಯಕರ್ತರು ಮನೆಗೇ ಬಂದು ಅರ್ಜಿ ತುಂಬಿಸುತ್ತಾರೆ. ಇಲ್ಲಿ ನೀವೇ ಅಲೆಯಬೇಕು.

ಇನ್ನು ರೈಲು. 40 ದಾಟಿದವರೂ ಯುಡಿಐಡಿ (ದಿವ್ಯಾಂಗರ ಗುರುತಿನ) ಕಾರ್ಡನ್ನು ನಂಬಿ ರಿಯಾಯಿತಿ ಟಿಕೆಟ್ ಕೇಳಬೇಡಿ. ರೈಲ್ವೆಗೆ ಅದರದೇ ನಮೂನೆಯ ಪ್ರಮಾಣಪತ್ರ ಬೇಕು, ಕಾಲಿನ ತೊಂದರೆಯಿದ್ದವರಿಗೆ ‘ಜೊತೆಗಾರರಿಲ್ಲದೆ ಪ್ರಯಾಣಿಸಲಾರರು’ ಎಂಬ ಸಾಲು ಅದರಲ್ಲಿರಬೇಕು.