ಯಾವ ದಿನಕ್ಕೆ ಯಾವ ಅಂಗಿ: ನಾನು ಆರಿಸುವ ರೀತಿ

ನಮ್ಮ ಮನೆಯಲ್ಲಿ ಗಂಡಸರ ಅಂಗಿ ಕೊಳ್ಳುವ ಹೊಣೆ ಬಹಳ ವರ್ಷಗಳಿಂದ ನನ್ನದೇ. ಅಪ್ಪನಿಗೆ, ತಮ್ಮನಿಗೆ, ಮಗನಿಗೆ, ಈಗೀಗ ತಂಗಿಯ ಮಗನಿಗೂ. ಅಂಗಡಿಗೆ ಕಾಲಿಟ್ಟ ಕೂಡಲೇ ಹೆಚ್ಚಿನವರು ಬಣ್ಣ ನೋಡುತ್ತಾರೆ, ಆಮೇಲೆ ಬೆಲೆಯ ಚೀಟಿ ತಿರುಗಿಸುತ್ತಾರೆ. ನಾನು ಮೊದಲು ಕೇಳಿಕೊಳ್ಳುವುದು ಬೇರೆ. ಇದನ್ನು ತೊಟ್ಟ ದಿನ ಮೈಗೆ ಏನೇನು ಕೆಲಸವಿದೆ? ಬಗ್ಗಬೇಕೋ, ನೆಲದ ಮೇಲೆ ಕೂರಬೇಕೋ, ಬಿಸಿಲಲ್ಲಿ ನಿಲ್ಲಬೇಕೋ, ಅಂಗಿಯನ್ನೇ ಬಿಚ್ಚಬೇಕೋ? ಅದು ಗೊತ್ತಾದರೆ ಬಟ್ಟೆ, ತೋಳು, ಜೇಬು, ಬಣ್ಣ ಯಾವುದಿರಬೇಕೆಂಬ ಗೊಂದಲ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಮದುವೆಯನ್ನೇ ತೆಗೆದುಕೊಳ್ಳಿ. ಹೆಣ್ಣಿನ ಕಡೆಯವರಾದರೆ ಬೆಳಗಿನ ಜಾವದಿಂದ ಓಡಾಟ. ಪಂಚೆ ಉಟ್ಟಿರುತ್ತೇವೆ, ಪಂಚೆಗೆ ಜೇಬಿಲ್ಲ. ಮೊಬೈಲು, ಛತ್ರದ ಕೋಣೆಯ ಬೀಗದ ಕೈ, ಓಲಗದವರಿಗೆ ಕೊಡಬೇಕಾದ ದುಡ್ಡು, ಮುಯ್ಯಿಯ ಕವರು ಎಲ್ಲ ಸೇರುವುದು ಅಂಗಿಯ ಜೇಬಿಗೇ. ಹಾಗಾಗಿ ಮದುವೆ ಅಂಗಿಯಲ್ಲಿ ನಾನು ನೋಡುವ ಮೊದಲ ವಿಷಯ ಜೇಬು. ಆಳವಾಗಿರಬೇಕು, ಮೇಲಿನ ಎರಡು ಮೂಲೆಗಳಲ್ಲಿ ಹೊಲಿಗೆ ಎರಡು ಸಲ ಓಡಿರಬೇಕು, ಬಗ್ಗಿದಾಗ ಮೊಬೈಲು ಪಾಯಸದ ಪಾತ್ರೆಗೆ ಜಾರಬಾರದು. ಪಂಕ್ತಿಯಲ್ಲಿ ಬಡಿಸಲು ನಿಲ್ಲುವವರಿಗೆ ಉದ್ದ ತೋಳು ಬೇಡ, ಕಫ್ ಸಾರಿಗೆ ಮುಟ್ಟುತ್ತದೆ. ಧಾರೆಗೆ ಕೂರುವವರಿಗೆ, ವೇದಿಕೆಯ ಮೇಲೆ ನಿಲ್ಲುವವರಿಗೆ ಉದ್ದ ತೋಳೇ ಚೆಂದ.

ಪಂಚೆ, ಶಲ್ಯದ ಜೊತೆ ಸೆಟ್ಟಾಗಿ ಸಿಗುವ ಹೊಳೆಯುವ ಅಂಗಿಗಳನ್ನು ಎಷ್ಟೋ ಕಡೆ ರೇಷ್ಮೆ ಎಂದೇ ಮಾರುತ್ತಾರೆ. ನಾನು ಒಳ ಅಂಚಿನಿಂದ ಒಂದು ಎಳೆ ಕೇಳಿ ಪಡೆದು, ಅಂಗಡಿಯ ಹೊರಗೆ ಬೆಂಕಿಕಡ್ಡಿ ಗೀರಿ ಸುಡುತ್ತೇನೆ. ನಿಜ ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಉಳಿದ ಕರಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ನಿಜ ರೇಷ್ಮೆಗೇ ದುಡ್ಡು ಕೊಡುವುದಾದರೆ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ ಬರುವ ಸಿಲ್ಕ್ ಮಾರ್ಕ್ ಚೀಟಿ ಇದೆಯೇ ಎಂದು ನೋಡಿ. ನನ್ನ ಮಟ್ಟಿಗೆ ಹೇಳುವುದಾದರೆ, ಮೇ ತಿಂಗಳ ಛತ್ರದಲ್ಲಿ ಪಾಲಿಯೆಸ್ಟರ್ ಅಂಗಿಯೊಳಗೆ ಬೆವರುವುದಕ್ಕಿಂತ ಒಳ್ಳೆಯ ಹತ್ತಿಯ ಕೆನೆ ಬಣ್ಣದ ಅಂಗಿ ಸಾವಿರ ಪಾಲು ಮೇಲು.

ದೇವಸ್ಥಾನದ ಪ್ರಯಾಣಕ್ಕೆ ಲೆಕ್ಕ ಬೇರೆ. ಧರ್ಮಸ್ಥಳದಂಥ ಕಡೆ ಗಂಡಸರು ಅಂಗಿ, ಬನಿಯನ್ ತೆಗೆದೇ ಒಳಗೆ ಹೋಗಬೇಕು. ಸರತಿ ಸಾಲಿನ ನೂಕುನುಗ್ಗಲಿನಲ್ಲಿ ತಲೆಯ ಮೇಲಿಂದ ಎಳೆಯುವ ಕುರ್ತಾ ಬಿಚ್ಚುವುದು ಕಷ್ಟ. ಮುಂದೆ ಉದ್ದಕ್ಕೂ ಗುಂಡಿ ಇರುವ ಅಂಗಿ, ಕಾಜ ಬಿಗಿಯಿಲ್ಲದ್ದು, ಮಡಚಿ ಕಂಕುಳಲ್ಲಿ ಇಟ್ಟುಕೊಂಡರೂ ಮುದ್ದೆಯಾಗದ ಬಟ್ಟೆ. ಇಲ್ಲಿ ಲಿನನ್ ಬೇಡ. ಲಿನನ್ ಕರಾವಳಿಯ ಸೆಖೆಗೆ ತಂಪು, ಅದು ನಿಜ. ಆದರೆ ಒಮ್ಮೆ ಮಡಚಿದರೆ ಆ ಗೆರೆ ಸಂಜೆಯವರೆಗೂ ಹೋಗುವುದಿಲ್ಲ.

ಸಾವಿನ ಮನೆಗೆ ಹೋಗುವ ಅಂಗಿಯ ಬಗ್ಗೆ ಯಾರೂ ಮುಂಚೆ ಯೋಚಿಸುವುದಿಲ್ಲ, ಸುದ್ದಿ ಬಂದಾಗ ಬೀರು ತೆರೆದು ಹುಡುಕುತ್ತಾರೆ. ಅಲ್ಲಿ ನೆಲದ ಮೇಲೆ ಕೂರುತ್ತೇವೆ, ಹೆಗಲು ಕೊಡುತ್ತೇವೆ, ಮಣ್ಣು ಮುಗಿಸಿ ಬಂದ ಕೂಡಲೇ ತಲೆಗೆ ಸ್ನಾನ ಮಾಡಿ ತೊಟ್ಟ ಬಟ್ಟೆಯನ್ನೆಲ್ಲ ನೀರಿಗೆ ಹಾಕುತ್ತೇವೆ. ಬಣ್ಣ ಬಿಡುವ ಬಟ್ಟೆಯಾದರೆ ಬಕೆಟ್ಟಿನಲ್ಲಿರುವ ಬೇರೆಯವರ ಬಟ್ಟೆಗೂ ಹತ್ತುತ್ತದೆ. ಅದಕ್ಕೆ ಪ್ರತಿಯೊಬ್ಬರಿಗೂ ಒಂದು ತಿಳಿ ಬಣ್ಣದ, ಹೊಳಪಿಲ್ಲದ, ಚಿತ್ತಾರವಿಲ್ಲದ ಹತ್ತಿ ಅಂಗಿ ಇಸ್ತ್ರಿ ಮಾಡಿ ಎತ್ತಿಟ್ಟಿರುತ್ತೇನೆ.

ನಾನು ಹೈಸ್ಕೂಲು ಮೇಷ್ಟ್ರು. ಪಾಠದ ದಿನ ಹತ್ತಾರು ಸಲ ಕೈ ಮೇಲೆತ್ತಿ ಬೋರ್ಡಿನ ಮೇಲೆ ಬರೆಯುವವನು. ಕಂಕುಳ ಸುತ್ತು ತೀರಾ ಕೆಳಗಿಳಿದಿದ್ದರೆ ಕೈ ಎತ್ತಿದ ಕೂಡಲೇ ಇಡೀ ಅಂಗಿ ಮೇಲೆ ಬಂದು ಪ್ಯಾಂಟಿನಿಂದ ಹೊರಬೀಳುತ್ತದೆ. ಸಡಿಲವಿದ್ದರೆ ಆರಾಮ ಎಂದು ಜನ ತಿಳಿಯುತ್ತಾರೆ. ಕಂಕುಳಲ್ಲಿ ಆ ಮಾತು ನಡೆಯುವುದಿಲ್ಲ. ಸುತ್ತು ಮೈಗೆ ಹತ್ತಿರವಿದ್ದಷ್ಟೂ ಕೈ ಸರಾಗವಾಗಿ ಏಳುತ್ತದೆ. ಅಂಗಡಿಯ ಟ್ರಯಲ್ ರೂಮಿನಲ್ಲಿ ಅಂಗಿಯನ್ನು ಪ್ಯಾಂಟಿನೊಳಗೆ ಸಿಕ್ಕಿಸಿ ಎರಡೂ ಕೈ ಮೇಲೆತ್ತಿ ನೋಡುವುದು ನನಗೆ ರೂಢಿ. ಬಣ್ಣದಲ್ಲಿ ತಿಳಿ ಚೌಕಳಿ. ಕಡುಬಣ್ಣದ ಮೇಲೆ ಸೀಮೆಸುಣ್ಣದ ಧೂಳು ಎದ್ದು ಕಾಣುತ್ತದೆ.

ಚುನಾವಣೆ ಡ್ಯೂಟಿಗೆ ಮಾತ್ರ ಪಾಲಿಯೆಸ್ಟರ್ ಬೆರೆತ ಬಟ್ಟೆಯೇ ಸೈ. ಮತಯಂತ್ರ ಪಡೆದು ಮತಗಟ್ಟೆಗೆ ಹೊರಡುವ ಮಸ್ಟರಿಂಗ್ ಕೇಂದ್ರದಲ್ಲಿ ಬಿಸಿಲು, ರಾತ್ರಿ ಶಾಲೆಯ ಬೆಂಚಿನ ಮೇಲೆ ನಿದ್ದೆ, ನಸುಕಿಗೇ ಅಣಕು ಮತದಾನ. ಸುಕ್ಕಾಗದ, ಮುಚ್ಚಳದ ಎರಡು ಜೇಬಿರುವ ಕಡು ಚೌಕಳಿ ಅಂಗಿ ಇಂಥ ದಿನಗಳಿಗೆ ಹೇಳಿ ಮಾಡಿಸಿದ್ದು.

ತಂಗಿಯ ಮಗನ ಮೊದಲ ಸಂದರ್ಶನಕ್ಕೆ ಅಂಗಿ ಕೊಡಿಸಿದ ದಿನ ಅವನು ಕಪ್ಪು ಸ್ಲಿಮ್ ಫಿಟ್ ಹಿಡಿದು ಬಿಡಲೊಲ್ಲ. ಕನ್ನಡಿಯ ಮುಂದೆ ನಿಂತಾಗ ಚೆನ್ನಾಗಿಯೇ ಇತ್ತು. "ಸಂದರ್ಶನದಲ್ಲಿ ನಿಂತೇ ಮಾತಾಡ್ತೀಯೇನೋ? ಇಲ್ಲಿ ಕೂತ್ಕೋ" ಎಂದು ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿದೆ. ಫೈಲು ಹಿಡಿದಂತೆ ಕೈ ಮುಂದೆ ಚಾಚಿದ. ಮೂರನೇ, ನಾಲ್ಕನೇ ಗುಂಡಿಯ ನಡುವೆ ಬಟ್ಟೆ ಬಾಯಿಬಿಟ್ಟು ಬನಿಯನ್ ಕಂಡಿತು. "ಹೌದಲ್ಲ ಮಾಮಾ" ಎಂದು ತಾನೇ ಬಿಚ್ಚಿಟ್ಟ. ಕೊನೆಗೆ ಸಣ್ಣ ನೀಲಿ ಗೆರೆಯ ಬಿಳಿ ಅಂಗಿ ಒಯ್ದೆವು. ಬರಿಯ ತಿಳಿನೀಲಿ ಎಲ್ಲರೂ ಹೇಳುವ ಬಣ್ಣ. ಆದರೆ ಬಸ್ಸಿಳಿದು ಬಿಸಿಲಲ್ಲಿ ನಡೆದು ಹೋಗುವ ಹುಡುಗನಿಗೆ ತಿಳಿನೀಲಿ, ಬೂದು ಎರಡರಲ್ಲೂ ಬೆವರಿನ ಕಲೆ ಮೊದಲು ಕಾಣುತ್ತದೆ. ಬಿಳಿಯಲ್ಲಿ ಅಷ್ಟು ಕಾಣದು. ಬಿಳಿ ಕೊಳ್ಳುವಾಗ ಒಂದೇ ಪದರದ ಕೆಳಗೆ ಅಂಗೈ ಇಟ್ಟು ನೋಡಿ. ಕೈಯ ರೇಖೆ ಕಂಡರೆ ಬನಿಯನ್ನಿನ ಅಂಚೂ ಕಾಣುತ್ತದೆ.

ಬಟ್ಟೆ ನೋಡುವುದನ್ನು ಕಲಿಸಿದ್ದು ಅಪ್ಪ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದಲ್ಲಿ ಹತ್ತಿ ಗಿರಣಿಯಲ್ಲಿ ದುಡಿದವರು ಅವರು. ಗಿರಣಿಗಳು ಮುಚ್ಚಿದವು, ಅವರ ಬೆರಳಿನ ಜ್ಞಾನ ಉಳಿಯಿತು. ಥಾನಿನ ಮೂಲೆಯನ್ನು ಎರಡೂ ಹೆಬ್ಬೆರಳುಗಳ ನಡುವೆ ಹಿಡಿದು, ಒಗೆಯುವಂತೆ ಬಲವಾಗಿ ಉಜ್ಜುತ್ತಾರೆ. ಬಿಳಿ ಪುಡಿ ಉದುರಿ ಬಟ್ಟೆ ಸೋತು ಬಿದ್ದರೆ, "ಇದು ಗಂಜಿಯ ಬಲ ಕಣೋ, ನೂಲಿನದಲ್ಲ" ಎಂದು ಮುಂದಕ್ಕೆ ಹೋಗುತ್ತಾರೆ. ಆಮೇಲೆ ಬಟ್ಟೆಯನ್ನು ಬೆಳಕಿಗೆ ಹಿಡಿಯುತ್ತಾರೆ. ನೇಯ್ಗೆ ಒಂದೇ ಸಮ ಇರಬೇಕು, ಅಲ್ಲಲ್ಲಿ ತೆಳುವಾಗಿರಬಾರದು. ಕಡುಬಣ್ಣದ ಕೈಮಗ್ಗದ ಬಟ್ಟೆಯಾದರೆ ಒದ್ದೆ ಮಾಡಿದ ಬಿಳಿ ಕರವಸ್ತ್ರದಿಂದ ಒಳಭಾಗವನ್ನು ತಿಕ್ಕಿ ಬಣ್ಣ ಹತ್ತುತ್ತದೆಯೇ ಎಂದು ನೋಡುತ್ತಾರೆ. ಬಣ್ಣ ತೀರ್ಮಾನಿಸುವುದು ಅಂಗಡಿಯ ಬಾಗಿಲಲ್ಲಿ, ಹಗಲು ಬೆಳಕಿನಲ್ಲಿ. ಒಳಗಿನ ಎಲ್‌ಇಡಿ ದೀಪದಲ್ಲಿ ಕೆನೆ ಬಣ್ಣ ಬಿಳಿಯಾಗಿಯೂ ಕಡುನೀಲಿ ಕಪ್ಪಾಗಿಯೂ ಕಾಣಬಹುದು.

ರೆಡಿಮೇಡ್‌ನಲ್ಲಿ ನಾನು ಅಂಗಿಯನ್ನು ಒಳಗು ಹೊರಗು ಮಾಡಿ ಹೊಲಿಗೆ ನೋಡುತ್ತೇನೆ. ಒಂದು ಇಂಚಿಗೆ ಹದಿನಾಲ್ಕು ಹದಿನೈದು ಹೊಲಿಗೆ ಬಿದ್ದಿದ್ದರೆ ಒಳ್ಳೆಯ ಕೆಲಸ. ಎಂಟು ಹತ್ತಾದರೆ ಅವಸರದ್ದು. ಪಕ್ಕದ ಹೊಲಿಗೆಯಲ್ಲಿ ಅಂಚನ್ನು ಒಳಗೆ ಮಡಚಿ ಮುಚ್ಚಿದ್ದರೆ ವರ್ಷಗಟ್ಟಲೆ ಬಾಳುತ್ತದೆ. ಅಂಚಿಗೆ ನೂಲು ಸುತ್ತಿದ ಬರೀ ಓವರ್‌ಲಾಕ್ ಹೊಲಿಗೆಯಾದರೆ ಅಷ್ಟು ಬಾಳಿಕೆ ನಿರೀಕ್ಷಿಸುವುದಿಲ್ಲ. ಚೌಕಳಿಯಾದರೆ ಜೇಬಿನ ಗೆರೆ ಎದೆಯ ಗೆರೆಗೆ ಕೂಡಿದೆಯೇ ಎಂದು ನೋಡುತ್ತೇನೆ. ಇನ್ನು ಕಾಲರ್. ಕಾಲರ್ ಗಟ್ಟಿಯಾಗಿ ನಿಲ್ಲಲು ಒಳಗೆ ಇಡುವ ಬಕ್ರಮ್ ಬಟ್ಟೆ ಸರಿಯಾಗಿ ಅಂಟಿರದಿದ್ದರೆ ಕೆಲವು ಒಗೆತಕ್ಕೇ ಮೇಲೆ ಗುಳ್ಳೆ ಏಳುತ್ತವೆ, ಯಾವ ಇಸ್ತ್ರಿಗೂ ಬಗ್ಗುವುದಿಲ್ಲ. ಕಾಲರನ್ನು ಬೆರಳಲ್ಲಿ ಹಿಚುಕಿದಾಗ ಪದರಗಳು ಒಂದರ ಮೇಲೊಂದು ಜಾರುತ್ತಿದ್ದರೆ ಬಿಟ್ಟುಬಿಡುತ್ತೇನೆ.

ಅಳತೆಯ ವಿಷಯದಲ್ಲಿ ತುಂಬ ಜನ ತಬ್ಬಿಬ್ಬಾಗುತ್ತಾರೆ. ಹಲವು ದೊಡ್ಡ ಬ್ರಾಂಡ್‌ಗಳ ಫಾರ್ಮಲ್ ಅಂಗಿಯ ಮೇಲಿನ 39, 40, 42 ಎನ್ನುವುದು ಕತ್ತಿನ ಸುತ್ತಳತೆ, ಸೆಂಟಿಮೀಟರಿನಲ್ಲಿ. ಸಣ್ಣ ಅಂಗಡಿಗಳ ಅಂಗಿಯಲ್ಲಿ ಅದೇ 40 ಎದೆಯ ಇಂಚು ಇರಬಹುದು. ಅದಕ್ಕೆ ನಾನು ನಂಬರು ನಂಬುವುದಿಲ್ಲ, ಟೇಪು ನಂಬುತ್ತೇನೆ. ಮನೆಯಲ್ಲಿ ಚೆನ್ನಾಗಿ ಹೊಂದುವ ಅಂಗಿಯೊಂದನ್ನು ಗುಂಡಿ ಹಾಕಿ ಮಂಚದ ಮೇಲೆ ಹರಡಿ, ಒಂದು ಕಂಕುಳಿಂದ ಇನ್ನೊಂದಕ್ಕೆ, ಹೆಗಲಿಂದ ಹೆಗಲಿಗೆ, ತೋಳಿನ ಉದ್ದ, ಬೆನ್ನಿನ ಉದ್ದ ಅಳೆದು ಮೊಬೈಲಿನಲ್ಲಿ ಬರೆದಿಟ್ಟುಕೊಂಡಿದ್ದೇನೆ. ಆನ್‌ಲೈನ್‌ನಲ್ಲಿ ತರಿಸುವಾಗಲೂ ಇದೇ ಪಟ್ಟಿ ಸಾಕು. ಹೆಗಲಿನ ಹೊಲಿಗೆ ಹೆಗಲ ಮೂಳೆಯ ತುದಿಗೆ ಸರಿಯಾಗಿ ಕೂರಬೇಕು. ಕಾಲರ್ ಗುಂಡಿ ಹಾಕಿದಾಗ ಎರಡು ಬೆರಳು ಹಿಡಿಸಬೇಕು. ನಮ್ಮ ಟೈಲರ್ ಹೇಳುವ ಮಾತು: "ಮೇಷ್ಟ್ರೇ, ಸೊಂಟ ದೊಡ್ಡದಿದ್ರೆ ಹಿಡೀಬಹುದು, ತೋಳು ಉದ್ದ ಇದ್ರೆ ಕತ್ತರಿಸಬಹುದು. ಹೆಗಲು ತಪ್ಪಿದ ಅಂಗಿ ಮಾತ್ರ ನನ್ನ ಹತ್ರ ತರಬ್ಯಾಡ್ರಿ."

ಮದುವೆ, ಗೃಹಪ್ರವೇಶಗಳಲ್ಲಿ ಉಡುಗೊರೆಯಾಗಿ ಬಂದ ಶರ್ಟ್ ಪೀಸುಗಳು ಎಲ್ಲರ ಬೀರುವಿನಲ್ಲೂ ಇರುತ್ತವೆ. ಅವನ್ನು ಹಾಗೇ ಇನ್ನೊಬ್ಬರಿಗೆ ದಾಟಿಸುವ ಮೊದಲು ಬಿಚ್ಚಿ ಅಳೆಯಿರಿ. 58 ಇಂಚು ಪನ್ನದ, ಅಂದರೆ ಅಗಲದ, 1.6 ಮೀಟರ್ ಆದರೆ ಸಾಧಾರಣ ಮೈಕಟ್ಟಿನವರಿಗೆ ಉದ್ದ ತೋಳಿನ ಅಂಗಿಯಾಗುತ್ತದೆ. ದಪ್ಪಗಿರುವವರಿಗೆ ಅರ್ಧ ತೋಳಷ್ಟೇ. 36 ಇಂಚು ಪನ್ನವಾದರೆ ಎರಡೂವರೆ ಮೀಟರ್ ಬೇಕು, ದೊಡ್ಡ ಚೌಕಳಿಯಾದರೆ ಗೆರೆ ಕೂಡಿಸಲು ಇನ್ನೂ ಸ್ವಲ್ಪ. ಖಾದಿ, ಕೈಮಗ್ಗದ ಬಟ್ಟೆಯನ್ನು ನೀರಲ್ಲಿ ರಾತ್ರಿಯಿಡೀ ನೆನೆಸಿ, ನೆರಳಲ್ಲಿ ಒಣಗಿಸಿಯೇ ಹೊಲಿಯಲು ಕೊಡುತ್ತೇನೆ. ಕುಗ್ಗುವುದೆಲ್ಲ ಹೊಲಿಗೆಗೆ ಮುಂಚೆಯೇ ಕುಗ್ಗಲಿ. ಮಿಕ್ಕ ತುಂಡುಗಳನ್ನು ಟೈಲರ್‌ನಿಂದ ಕೇಳಿ ವಾಪಸ್ ಪಡೆಯುತ್ತೇನೆ. ಮುಂದೆ ಕಾಲರ್ ಸವೆದಾಗ ಅದೇ ಬಟ್ಟೆಯಲ್ಲಿ ಹೊಸ ಕಾಲರ್ ಕೂರಿಸಬಹುದು.

ದುಡ್ಡಿನ ಮಾತು. 2025ರ ಸೆಪ್ಟೆಂಬರ್ 22ರಿಂದ ₹2,500ರವರೆಗಿನ ಸಿದ್ಧ ಉಡುಪಿಗೆ ಜಿಎಸ್‌ಟಿ 5%, ಅದನ್ನು ದಾಟಿದರೆ 18%. ಗಡಿಯ ಆಚೆಗಿನ ಅಂಗಿಗೆ ಹೆಚ್ಚಿಗೆ ಕೊಟ್ಟ ದುಡ್ಡಿನಲ್ಲಿ ಬಟ್ಟೆಗೆ ಎಷ್ಟು, ತೆರಿಗೆಗೆ ಎಷ್ಟು ಎಂದು ಯೋಚಿಸಿಯೇ ಮುಂದುವರಿಯುತ್ತೇನೆ. ನಿತ್ಯದ ಅಂಗಿಗೆ ಅಷ್ಟು ದುಡ್ಡು ಎಂದೂ ಬೇಕಾಗಿಲ್ಲ.

ಖಾದಿಗೆ ನಾನು ಕಾಯುವುದು ಗಾಂಧಿ ಜಯಂತಿಯ ರಿಯಾಯಿತಿಗೆ. ಮಿಕ್ಕಿದ್ದೆಲ್ಲ ಆಷಾಢದಲ್ಲಿ. ಆ ತಿಂಗಳು ಮದುವೆಗಳಿರುವುದಿಲ್ಲ, ಅಂಗಡಿಗಳವರೇ ಕರೆದು ಬೆಲೆ ಇಳಿಸುತ್ತಾರೆ, ಟೈಲರ್‌ನ ಕೈಯೂ ಖಾಲಿ ಇರುತ್ತದೆ. ಶ್ರಾವಣದ ಮದುವೆಯ ಅಂಗಿಗೆ ಆಷಾಢದಲ್ಲೇ ಬಟ್ಟೆ ಕೊಟ್ಟರೆ ಅವಸರವಿಲ್ಲದೆ ಟ್ರಯಲ್ ನೋಡಿ, ತಿದ್ದಿಸಿ, ಒಂದು ಸಲ ಒಗೆದು ಇಸ್ತ್ರಿ ಹಾಕಿಸುವಷ್ಟು ದಿನ ಸಿಗುತ್ತದೆ. ಶ್ರಾವಣ ಹುಟ್ಟಿದ ಮೇಲೆ ಹೋದರೆ, "ಗೌರಿ ಹಬ್ಬ ಆದ್ಮೇಲೆ ಬರ್ರಿ" ಎನ್ನುತ್ತಾನೆ.